ಒಂದು ಹೊಟ್ಟೆನೋವಿನ ಬೆನ್ನು ಹತ್ತಿದವರು

ಡಾಕ್ಟರು ತೀರಿಕೊಂಡ ಸುದ್ದಿ ನನಗೆ ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿತು. ಹಣ್ಣಿನ ಗಾಡಿಯವನು ಮೂಸಂಬಿ ತೂಗುತ್ತಾ, "ಸಿಸ್ಟ್ರಮ್ಮ, ಆ ಬೈಯೋ ಡಾಕ್ಟ್ರು ಹೋಗ್ಬಿಟ್ರಂತೆ, ಗೊತ್ತಾತೇನ್ರಿ?" ಎಂದ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅಷ್ಟು ವರ್ಷ ಈ ಸೀಮೆಯ ಮಕ್ಕಳ ಹೊಟ್ಟೆ ಮುಟ್ಟಿ ನೋಡಿದ ಮನುಷ್ಯನಿಗೆ ಕೊನೆಗೆ ಉಳಿದ ಹೆಸರು 'ಬೈಯೋ ಡಾಕ್ಟ್ರು'. ಮನೆಯ ಕಡೆ ನಡೆಯುತ್ತಾ ಯೋಚಿಸಿದರೆ, ಹಣ್ಣಿನವನು ಸುಳ್ಳೇನೂ ಹೇಳಿರಲಿಲ್ಲ. ಅವರು ಬೈಯುತ್ತಿದ್ದರು. ನನ್ನನ್ನು ಬೈದಿದ್ದರು, ಕಾಂಪೌಂಡರನ್ನು ಬೈದಿದ್ದರು, ಆಸ್ಪತ್ರೆ ನಡೆಸುತ್ತಿದ್ದ ಕಮಿಟಿಯವರನ್ನು ಅವರ ಎದುರಿಗೇ ಬೈದಿದ್ದರು. ಬೈದದ್ದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತಿತ್ತು. ನನ್ನ ತಕರಾರು ಅದೇ. ಸರಿಯಾದ ಮಾತನ್ನು ಕೇಳುವವರು ಎದ್ದು ಓಡಿಹೋಗುವ ಹಾಗೆ ಹೇಳುವ ಆ ಬಾಯಿಯಿಂದ ಎಷ್ಟು ಕೆಲಸ ಕೆಟ್ಟಿತು ಎಂದು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ನಾವು ಕೆಲಸ ಮಾಡುತ್ತಿದ್ದದ್ದು ಎಣ್ಣೆ ಮಿಲ್ಲಿನ ಮಾಲೀಕರು ಕೆಲವರು ಸೇರಿ ನಡೆಸುತ್ತಿದ್ದ ಒಂದು ಧರ್ಮಾಸ್ಪತ್ರೆಯಲ್ಲಿ. ಚಳ್ಳಕೆರೆಯಲ್ಲಿ ದೊಡ್ಡದು, ಮೊಳಕಾಲ್ಮೂರಿನಲ್ಲಿ ಅದರದೇ ಸಣ್ಣ ಶಾಖೆ. ತೊಂಬತ್ತರ ದಶಕದ ಮೊದಲಿಗೆ ಅವರು ಅಲ್ಲಿಗೆ ಮಕ್ಕಳ ಡಾಕ್ಟರಾಗಿ ಬಂದರು. ಮೈಸೂರು ಕಡೆಯವರು. ಉದ್ದಕ್ಕೆ, ತೆಳ್ಳಗೆ, ಕತ್ತು ಸ್ವಲ್ಪ ಮುಂದಕ್ಕೆ ಬಾಗಿದ ಆಳು. ಮಗುವಿನ ಹೊಟ್ಟೆ ಮುಟ್ಟುವ ಮುಂಚೆ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು ಅವರ ಅಭ್ಯಾಸ. ಹಾಗೆ ಉಜ್ಜಿಕೊಳ್ಳುತ್ತಲೇ ತಾಯಿಯನ್ನು ಬೈಯುತ್ತಿರುತ್ತಿದ್ದರು. ಆಮೇಲೆ ಕೈಯಿಟ್ಟಾಗ ಮಾತ್ರ ಬಾಯಿ ಮುಚ್ಚುತ್ತಿತ್ತು. ಹೊಟ್ಟೆಯನ್ನು ನೋಡುತ್ತಿರಲಿಲ್ಲ, ಮಗುವಿನ ಮುಖವನ್ನು ನೋಡುತ್ತಿದ್ದರು. "ಹೊಟ್ಟೆನೋವು ಅನ್ನೋದು ಕಾಯಿಲೆಯ ಹೆಸರಲ್ಲ ಸಿಸ್ಟರ್, ಮಗು ನಮಗೆ ಹೇಳ್ತಿರೋ ದೂರು. ಯಾರ ಮೇಲೆ ದೂರು ಅಂತ ನಾವು ಹುಡುಕಬೇಕು" ಎನ್ನುತ್ತಿದ್ದರು.

ಅವರಿಗೆ ತೆಲುಗು ಬರುತ್ತಿರಲಿಲ್ಲ. ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು, ಮನೆಯಲ್ಲಿ ಆಡುವುದು ತೆಲುಗೇ. ಹಾಗಾಗಿ ಆ ಕಡೆಯ ಹಟ್ಟಿಗಳಿಂದ ಬಂದವರು ಅವರ ಕೋಣೆಗೆ ಹೋದರೆ ನನ್ನನ್ನು ಕರೆಯುತ್ತಿದ್ದರು. ಅವರು ಕಲಿತ ತೆಲುಗು ಒಂದೇ ವಾಕ್ಯ, "ಎಕ್ಕಡ ನೊಪ್ಪಿ?" ಎಲ್ಲಿ ನೋವು ಎಂದು. ಅದನ್ನೂ ಗದರಿಸುವ ದನಿಯಲ್ಲೇ ಕೇಳುತ್ತಿದ್ದುದರಿಂದ ಮಕ್ಕಳು ಉತ್ತರ ಹೇಳುವ ಬದಲು ಅವ್ವನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಓಬಕ್ಕ ಮೊದಲ ಸಲ ಬಂದಾಗ ಎಂಟು ವರ್ಷದವಳಿರಬೇಕು. ತಳಕಿನಿಂದ ಮೊಳಕಾಲ್ಮೂರಿನ ಕಡೆಗೆ ಒಳಗೆ ಹೋದರೆ ಸಿಗುವ ಒಂದು ಹಟ್ಟಿಯ ಹುಡುಗಿ. ಅಪ್ಪ ಪಾಲಯ್ಯ ಕುರಿ ಮೇಯಿಸುವವನು, ವರ್ಷದಲ್ಲಿ ಬಹಳ ಕಾಲ ಹಿಂಡಿನ ಜೊತೆ ಊರೂರು ತಿರುಗುತ್ತಿದ್ದ. ಅವ್ವ ತಿಪ್ಪಕ್ಕ ಕೂಲಿಗೆ ಹೋಗುತ್ತಿದ್ದಳು, ಶೇಂಗಾ ಸುಗ್ಗಿಯಲ್ಲಿ ಕಾಯಿ ಬಿಡಿಸಲು ಚಳ್ಳಕೆರೆಯ ಕಡೆಗೂ ಬರುತ್ತಿದ್ದಳು. ಹೀಗೆ ಓಡಾಡಿ ಇಬ್ಬರಿಗೂ ಮಾತಿಗೆ ಬೇಕಾದಷ್ಟು ಕನ್ನಡ ಬರುತ್ತಿತ್ತು. ಹುಡುಗಿಗೆ ಹೊಟ್ಟೆನೋವು. ಬಂದರೆ ಮೂರು ನಾಲ್ಕು ದಿನ ಒದ್ದಾಡುತ್ತಾಳೆ, ವಾಂತಿ ಮಾಡುತ್ತಾಳೆ, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ.

ಡಾಕ್ಟರು ಜಂತುಹುಳದ ಔಷಧಿ ಕೊಟ್ಟರು. ನೋವು ಹೋಯಿತು. ಮತ್ತೆ ಬಂತು, ಮತ್ತೆ ಹುಳದ ಔಷಧಿ. ಈ ಕಾಯಿಲೆಯ ಮೋಸ ಇರುವುದು ಇಲ್ಲೇ. ನೋವು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಹೋಗುವ ಹೊತ್ತಿಗೆ ಯಾರು ಏನು ಕೊಟ್ಟಿದ್ದರೋ ಅವರಿಗೆ ಹೆಸರು. ಹಾಗೆ ಒಂದು ಸಲ ಹುಳದ ಔಷಧಿಗೆ ಹೆಸರು ಬಂತು, ಇನ್ನೊಂದು ಸಲ ಹಟ್ಟಿಯಲ್ಲಿ ಹಾಕಿಸಿದ ಬರೆಗೆ ಬಂತು. ಬೇರೆ ಊರಿನ ಒಂದು ನರ್ಸಿಂಗ್ ಹೋಮಿನವರು ಅಪೆಂಡಿಕ್ಸ್ ಎಂದು ಹೊಟ್ಟೆ ಕೊಯ್ದು ಹೊಲಿದರು, ಕೆಲವು ತಿಂಗಳು ಅವರಿಗೂ ಹೆಸರು ಬಂತು. ಶಾಲೆಯ ಮೇಷ್ಟ್ರಂತೂ ಹುಡುಗಿ ಲೆಕ್ಕ ತಪ್ಪಿಸಿಕೊಳ್ಳಲು ನಾಟಕ ಮಾಡುತ್ತಾಳೆ ಎಂದು ತೀರ್ಪು ಕೊಟ್ಟಾಗಿತ್ತು. ಎರಡು ವರ್ಷ ಹೀಗೆ ಕಳೆಯಿತು. ಹುಡುಗಿ ಎತ್ತರವೂ ಆಗಲಿಲ್ಲ, ಮೈಯೂ ಹಿಡಿಯಲಿಲ್ಲ.

ಒಂದು ಸೋಮವಾರ, ಸಂತೆಗೆ ಬಂದವರೆಲ್ಲ ಹಾಗೇ ಆಸ್ಪತ್ರೆಗೂ ಬಂದು ಗಿಜಿಗುಟ್ಟುತ್ತಿದ್ದ ಹೊತ್ತು. ವರಾಂಡದ ಬೆಂಚಿನ ಮೇಲೆ ಓಬಕ್ಕ ಕೂತಿದ್ದಳು. ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು, ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ. ನಾನು ಒಳಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಲು ನೋಡಿದೆ. ಬೆನ್ನು ತಾಗಿದ್ದೇ ತಡ ಕಿರುಚಿಕೊಂಡು ಎದ್ದು ಮತ್ತೆ ಹಾಗೇ ಮುದುರಿ ಕೂತಳು.

ಡಾಕ್ಟರು ಬೇರೆ ಮಗುವನ್ನು ನೋಡುತ್ತಿದ್ದವರು ಕಿವಿಯಿಂದ ಸ್ಟೆತಾಸ್ಕೋಪು ತೆಗೆದು ಅವಳನ್ನೇ ನೋಡುತ್ತಾ ನಿಂತರು. ಎಷ್ಟು ಹೊತ್ತು ನಿಂತರೆಂದರೆ, ಆ ಮಗುವಿನ ತಾಯಿ ನನ್ನ ಮುಖ ನೋಡತೊಡಗಿದಳು.

"ಯಾವಾಗಲೂ ಹೀಗೇ ಕೂರ್ತಾಳಾ?" ಎಂದು ಕೇಳಿದರು.

"ಹೂನ್ರಿ. ಮಲಗಾಕಿಲ್ಲ. ಬೆನ್ನಿಗೆ ಚುಚ್ತೈತಂತೆ. ಇಡೀ ದಿನ ಹಿಂಗೇ ಕುಂತಿರ್ತಾಳೆ" ಎಂದಳು ತಿಪ್ಪಕ್ಕ.

"ಇದನ್ನ ಯಾಕಮ್ಮ ಇಷ್ಟು ದಿನ ಹೇಳಲಿಲ್ಲ?"

"ನೀವು ಕೇಳ್ಲಿಲ್ಲಲ್ರಿ."

ನಾನು ಬೈಗುಳಕ್ಕೆ ಕಾದೆ, ಬರಲಿಲ್ಲ. ಅವರು ನನ್ನ ಕಡೆ ತಿರುಗಿ, "ಮಲ ಹೇಗೆ ಹೋಗುತ್ತೆ ಕೇಳಿ ಸಿಸ್ಟರ್. ಸರಿಯಾಗಿ ಬಿಡಿಸಿ ಕೇಳಿ" ಎಂದರು. ನಾನು ತೆಲುಗಿನಲ್ಲಿ ಕೇಳಿದೆ. ತಿಪ್ಪಕ್ಕ ಮೊದಲು ನಾಚಿಕೊಂಡಳು, ಆಮೇಲೆ ಹೇಳಿದಳು. ಎಣ್ಣೆ ಸುರಿದ ಹಾಗೆ ಜಿಡ್ಡುಜಿಡ್ಡಾಗಿ ಹೋಗುತ್ತದೆ, ನೀರು ಹಾಕಿದರೂ ಬಿಡುವುದಿಲ್ಲ, ವಾಸನೆಗೆ ಹತ್ತಿರ ಹೋಗಲು ಆಗುವುದಿಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅವರು ಕಣ್ಣು ಮುಚ್ಚಿಕೊಂಡರು.

ನಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರವಿತ್ತು, ಫಿಲ್ಮ್ ಇರಲಿಲ್ಲ. ಫಿಲ್ಮ್ ತರಿಸುವ ಮಾತು ಕಮಿಟಿಯಲ್ಲಿ ಒಂದು ವರ್ಷದಿಂದ ನಡೆಯುತ್ತಿತ್ತು. ಡಾಕ್ಟರು ಹುಡುಗಿಯನ್ನು ಹೊರಗಿನ ಎಕ್ಸ್‌ರೇ ಅಂಗಡಿಗೆ ಕಳಿಸಿದರು, ನಾನೇ ಜೊತೆಗೆ ಹೋದೆ. ತಂದ ಫಿಲ್ಮನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದರು. ಬೆನ್ನುಮೂಳೆಯ ಎರಡೂ ಬದಿಗೆ ಸುಣ್ಣದ ಹರಳು ಚೆಲ್ಲಿದ ಹಾಗೆ ಬಿಳಿ ಬಿಳಿ ಚುಕ್ಕೆಗಳು. ಎಕ್ಸ್‌ರೇ ಓದಲು ಬಾರದ ನನಗೂ ಕಾಣುವಷ್ಟು ಸ್ಪಷ್ಟ.

ತಿಪ್ಪಕ್ಕನನ್ನು ಕೂರಿಸಿಕೊಂಡು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನೋಡಮ್ಮ, ಹೊಟ್ಟೆಯ ಹಿಂದೆ ಬೆನ್ನಿಗೆ ಅಂಟಿಕೊಂಡು ಒಂದು ಗ್ರಂಥಿ ಇರುತ್ತೆ. ಮೇದೋಜೀರಕ ಅಂತಾರೆ. ನಾವು ತಿಂದ ಎಣ್ಣೆ, ಬೆಣ್ಣೆ, ಬೇಳೆ ಎಲ್ಲ ಕರಗಿಸೋ ರಸ ಅಲ್ಲಿಂದ ಬರಬೇಕು. ಇವಳದರ ಕೊಳವೆಯಲ್ಲಿ ಕಲ್ಲು ಕಟ್ಟಿದೆ. ರಸ ಹೊರಗೆ ಬರೋಕೆ ಆಗದೆ ಒಳಗೇ ಉರಿಯುತ್ತೆ. ಅದಕ್ಕೇ ನೋವು. ತಿಂದದ್ದು ಮೈಗೆ ಹತ್ತದೇ ಇರೋದೂ ಅದಕ್ಕೇ."

"ಹೊಟ್ಟ್ಯಾಗೆ ಕಲ್ಲಾ?"

"ಹೂಂ. ಎರಡು ವರ್ಷ ನಾನೂ ಹುಳ ಅಂತಲೇ ಅಂದೆ. ಒಂದು ಎಕ್ಸ್‌ರೇ ತೆಗೆಸಿದ್ದರೆ ಆವತ್ತೇ ಗೊತ್ತಾಗ್ತಿತ್ತು. ತಪ್ಪು ನಂದು."

ತಿಪ್ಪಕ್ಕ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. "ಈಗ ಏನ್ ಮಾಡ್ಬೇಕು ಹೇಳ್ರಿ" ಎಂದಳು.

ಏನು ಮಾಡಬೇಕು ಎನ್ನುವುದು ಗೊತ್ತಿತ್ತು. ಮಾಡಿಸುವುದೇ ಕಷ್ಟ. ದೂರದ ಊರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಎಳೆಯ ಡಾಕ್ಟರೊಬ್ಬ ರಕ್ತಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ, ಇದು ಗ್ಯಾಸ್ಟ್ರಿಕ್ ಎಂದು ಮಾತ್ರೆ ಬರೆದುಕೊಟ್ಟಿದ್ದ. ಜೊತೆಗೆ ಪಾಲಯ್ಯನನ್ನು ಕೇಳಿದ್ದನಂತೆ, ಇದು ಕುಡುಕರಿಗೆ ಬರೋ ಕಾಯಿಲೆ, ನೀವೇನಾದರೂ ಮಗುವಿಗೆ ಹೆಂಡ ಕುಡಿಸುತ್ತೀರಾ ಎಂದು. ಪಾಲಯ್ಯ ಜನ್ಮದಲ್ಲಿ ಕುಡಿದವನಲ್ಲ. ಅವನು ಅದನ್ನು ಹೇಳುವಾಗ ನೆಲ ನೋಡುತ್ತಿದ್ದ. ಡಾಕ್ಟರು ಕುರ್ಚಿಯಿಂದ ಎದ್ದು, ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದರು. "ರೋಗ ಹಳೆಯದಾದ ಮೇಲೆ ರಕ್ತದಲ್ಲಿ ಏನು ಸಿಗುತ್ತೆ ಅವನಿಗೆ? ಫಿಲ್ಮ್ ನೋಡೋಕೆ ಕಣ್ಣಿರಲಿಲ್ವಾ? ಕುಡುಕರ ಕಾಯಿಲೆಯಂತೆ! ಹತ್ತು ವರ್ಷದ ಹುಡುಗಿಗೆ!"

ಮರುವಾರ ರಜೆ ಹಾಕಿ, ಫಿಲ್ಮ್ ಹಿಡಿದುಕೊಂಡು, ತಾವೇ ಬಸ್ಸು ಹತ್ತಿ ಆ ಆಸ್ಪತ್ರೆಗೆ ಹೋದರು. ಅಲ್ಲಿ ಏನಾಯಿತೆಂದು ಅವರು ಪೂರ್ತಿ ಹೇಳಲಿಲ್ಲ. ಜಗಳವಾಡಿ ಬಂದಿದ್ದರು ಎನ್ನುವುದು ಮಾತ್ರ ಗೊತ್ತಾಯಿತು. ಅದರಿಂದ ಆದ ಪ್ರಯೋಜನವೆಂದರೆ, ಆ ಬಾಗಿಲು ಓಬಕ್ಕನಿಗೆ ಶಾಶ್ವತವಾಗಿ ಮುಚ್ಚಿತು.

ಆಪರೇಷನ್ ಎಲ್ಲಿ ಮಾಡಿಸುವುದು ಎಂದು ಗೊತ್ತಾಗುವವರೆಗೆ ಔಷಧಿಯಲ್ಲಿ ನಡೆಸಬೇಕಿತ್ತು. ಊಟದ ಜೊತೆ ನುಂಗುವ ಒಂದು ಕ್ಯಾಪ್ಸೂಲ್ ಇದೆ, ದೇಹದಲ್ಲಿ ಬಾರದ ಆ ರಸವನ್ನು ಹೊರಗಿನಿಂದ ಕೊಡುವುದು. ಚಳ್ಳಕೆರೆಯ ಯಾವ ಮೆಡಿಕಲ್ ಶಾಪಿನಲ್ಲೂ ಅದರ ಹೆಸರು ಕೇಳಿದವರಿರಲಿಲ್ಲ. ಒಬ್ಬ ಅಂಗಡಿಯವನು ಬೆಂಗಳೂರಿನಿಂದ ತರಿಸಲು ಒಪ್ಪಿದ. ಒಮ್ಮೆ ಬರುತ್ತಿತ್ತು, ಎರಡು ಸಲ ಬರುತ್ತಿರಲಿಲ್ಲ. ಬಂದಾಗಲೂ ತಿಪ್ಪಕ್ಕ ಅದನ್ನು ನೋವು ಬಂದಾಗ ಕೊಡಲು ತೆಗೆದಿಡುತ್ತಿದ್ದಳು. ನೋವಿನ ಮಾತ್ರೆ ಎಂದೇ ಅವಳ ತಿಳಿವಳಿಕೆ. ಡಾಕ್ಟರು ಬೈದರು. ಅವಳು ಹೂಂ ಅಂದಳು, ಮತ್ತೆ ಹಾಗೇ ಮಾಡಿದಳು. ನಾನು ಕೂತು ತೆಲುಗಿನಲ್ಲಿ ಇದು ನೋವಿಗಲ್ಲ, ತುತ್ತಿಗೆ ಎಂದು ನಿಧಾನವಾಗಿ ಹೇಳಿದ ಮೇಲೆ ಸರಿಹೋಯಿತು. "ಅಷ್ಟೇನಾ! ಮೊದ್ಲೇ ಹಿಂಗಂದಿದ್ರೆ ಆಗ್ತಿರ್ಲಿಲ್ವಾ ಅಕ್ಕ" ಎಂದು ನನ್ನನ್ನೇ ಕೇಳಿದಳು.

ಜಿಡ್ಡು ಪೂರ್ತಿ ಬಂದ್ ಎಂದಿದ್ದರು ಡಾಕ್ಟರು. ಶೇಂಗಾ ಇಲ್ಲ, ಎಣ್ಣೆ ಇಲ್ಲ, ಬೆಣ್ಣೆ ಇಲ್ಲ. ಚಳ್ಳಕೆರೆಯ ಸೀಮೆಯಲ್ಲಿ ಮಗುವಿಗೆ ಶೇಂಗಾ ಕೊಡಬೇಡಿ ಎಂದರೆ ಏನು ಕೊಡುವುದು? ಚಟ್ನಿಯಲ್ಲಿ ಅದು, ಉಂಡೆಯಲ್ಲಿ ಅದು, ಹೊಲದಲ್ಲಿ ಕಿತ್ತು ಬಾಯಿಗೆ ಹಾಕುವುದೂ ಅದೇ. ಗಾಳಿ ಬೀಸಿದರೆ ಮಿಲ್ಲಿನ ಎಣ್ಣೆಯ ವಾಸನೆ. ಆ ಹುಡುಗಿ ರಾಗಿ ಮುದ್ದೆ, ತಿಳಿಸಾರು, ಅಷ್ಟರಲ್ಲೇ ದಿನ ದೂಡುತ್ತಿದ್ದಳು.

ಆಗ ಪಾಲಯ್ಯ ಹಿಂಡಿನ ಜೊತೆ ತಿರುಗಾಟ ಮುಗಿಸಿ ಬಂದ. ಮಗಳ ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿತ್ತು. ಅವನು ಎಲ್ಲಿಂದಲೋ ಒಳ್ಳೆಯ ತುಪ್ಪ ತಂದು, ಹೆಂಡತಿಯ ಮಾತು ಕೇಳದೆ, ಬಿಸಿ ಮುದ್ದೆಗೆ ಹಾಕಿ ತಿನ್ನಿಸಿದ. ಮೂರನೆಯ ದಿನ ಹುಡುಗಿ ಬಾಗಿಕೊಂಡೇ ಆಸ್ಪತ್ರೆಗೆ ಬಂದಳು, ಅಪ್ಪನ ಹೆಗಲ ಮೇಲೆ.

ಡಾಕ್ಟರು ವಿಷಯ ಕೇಳಿದರು. ಹೊರರೋಗಿಗಳು ತುಂಬಿದ್ದ ವರಾಂಡದಲ್ಲಿ, ಎಲ್ಲರ ಎದುರಿಗೆ, "ನೀನೇ ಕೊಲ್ತಿದ್ದೀಯಯ್ಯಾ ನಿನ್ನ ಮಗಳನ್ನ! ರೋಗ ಅಲ್ಲ, ನೀನು! ಕುರಿ ಕಾಯೋನಿಗೆ ಇದೆಲ್ಲ ಎಲ್ಲಿಂದ ತಿಳೀಬೇಕು!" ಎಂದು ಕೂಗಿದರು.

ಪಾಲಯ್ಯ ಬೆಂಚಿನ ಮೇಲೆ ಇಳಿಸಿದ್ದ ಮಗಳನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಗೇಟು ದಾಟಿ ಹೋದ. ತಿಪ್ಪಕ್ಕ ಒಂದು ಸಲ ನನ್ನ ಕಡೆ ನೋಡಿ ಗಂಡನ ಹಿಂದೆ ಓಡಿದಳು. ಅವರು ಮತ್ತೆ ಬರಲಿಲ್ಲ. ಆ ವರ್ಷ ಪೂರ್ತಿ ಬರಲಿಲ್ಲ. ಹಟ್ಟಿಯ ಕಡೆಯವರನ್ನು ಕೇಳಿದರೆ, ಹುಡುಗಿಯನ್ನು ಯಾವುದೋ ನಾಟಿ ವೈದ್ಯನಿಗೆ ತೋರಿಸುತ್ತಿದ್ದಾರೆ ಎಂದರು. ಇನ್ನೊಂದು ಸಲ ಕೇಳಿದಾಗ, ಬರೆ ಹಾಕಿಸಿದ್ದಾರೆ ಎಂದರು.

ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರ ಕೋಣೆಯ ಬಾಗಿಲು ಹಾಕಿ, "ಸಾರ್, ನೀವು ಹೇಳಿದ್ದು ಸರಿಯೇ ಇರಬಹುದು. ಆದರೆ ಮಗು ಹೋಯ್ತಲ್ಲ ಸಾರ್. ಕಾಯಿಲೆ ಹುಡುಕೋಕೆ ಎರಡು ವರ್ಷ ಬೇಕಾಯ್ತು, ಓಡಿಸೋಕೆ ಎರಡು ನಿಮಿಷ ಸಾಕಾಯ್ತು" ಎಂದೆ. ಈಗ ನೆನೆದರೆ ನನಗೇ ಆಶ್ಚರ್ಯ, ಅಷ್ಟು ಧೈರ್ಯ ಎಲ್ಲಿತ್ತೋ. ಅವರು ಮುಖ ಕೆಂಪಗೆ ಮಾಡಿಕೊಂಡು, "ನಿಮ್ಮ ಕೆಲಸ ನೋಡಿ ಸಿಸ್ಟರ್" ಎಂದರು. ನಾನು ನನ್ನ ಕೆಲಸ ನೋಡಿದೆ. ಒಂದು ವಾರ ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಶನಿವಾರ ಸಂಜೆ ಹೋಗುವಾಗ ಬಾಗಿಲಲ್ಲಿ ನಿಂತು, "ಆ ಹಟ್ಟಿಗೆ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದರು.

ಭಾನುವಾರ ತಳಕಿನವರೆಗೆ ಬಸ್ಸು, ಅಲ್ಲಿಂದ ಒಂದು ಟೆಂಪೋ, ಆಮೇಲೆ ನಡಿಗೆ. ಪಾಲಯ್ಯ ಹಟ್ಟಿಯ ಹೊರಗೆ ಕುರಿರೊಪ್ಪದಲ್ಲಿ, ಮುಳ್ಳುಬೇಲಿಯ ಒಳಗೆ, ಒಂದು ಕುರಿಯ ಗೊರಸು ನೋಡುತ್ತಿದ್ದ. ನಮ್ಮನ್ನು ಕಂಡೂ ಕಾಣದವನ ಹಾಗೆ ಕೆಲಸ ಮುಂದುವರಿಸಿದ. ಡಾಕ್ಟರು ಬೇಲಿಯ ಹೊರಗೆ ಬಿಸಿಲಿನಲ್ಲಿ ನಿಂತೇ ಇದ್ದರು. ನಾನು ಮಾತು ತೆಗೆಯಲು ಹೋದರೆ ಕೈಸನ್ನೆಯಲ್ಲಿ ಬೇಡ ಎಂದರು. ಗೊರಸಿನ ಕೆಲಸ ಮುಗಿದ ಮೇಲೆ ಪಾಲಯ್ಯ ಎದ್ದು ಬೇಲಿಯ ಹತ್ತಿರ ಬಂದ.

"ನನ್ ಮಗಳನ್ನ ನಾನೇ ಕೊಲ್ತೀನಿ ಅಂದ್ರಲ್ಲ ಸಾಮಿ. ತುಪ್ಪ ತಿನ್ಸಿದ್ದು ಕೊಲ್ಲಾಕಾ?"

"ಅಲ್ಲ," ಎಂದರು ಡಾಕ್ಟರು. "ಅಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಅಂದೆ. ಅನ್ನಬಾರದಿತ್ತು."

ಪಾಲಯ್ಯ ಕೈಯ ಮಣ್ಣು ಒರೆಸಿಕೊಂಡ. "ಬೈರಿ. ಡಾಕ್ಟ್ರು ಬೈದ್ರೆ ತಪ್ಪೇನೈತೆ. ಆದ್ರೆ ಬೈಯಂಗಿದ್ರೆ ನಮ್ ಹಟ್ಟಿಗೆ ಬಂದು ಬೈರಿ. ಜನದ ಮುಂದೆ ಬ್ಯಾಡ."

"ಆಯ್ತು."

"ಹುಡುಗಿ ಒಳಗೈತೆ. ನೋಡ್ರಿ."

ಓಬಕ್ಕ ಗುಡಿಸಲಿನ ಗೋಡೆಗೆ ಒರಗದೆ, ಹಾಗೇ ಮುಂದಕ್ಕೆ ಬಾಗಿ ಕೂತಿದ್ದಳು. ಹೊಟ್ಟೆಯ ಮೇಲೆ ಹೊಕ್ಕುಳಿನ ಎರಡೂ ಕಡೆ ಹೊಸ ಬರೆಗಳು, ಇನ್ನೂ ಪೂರ್ತಿ ಮಾಗಿರಲಿಲ್ಲ. ಡಾಕ್ಟರು ಅಂಗೈ ಉಜ್ಜಿಕೊಂಡರು. ಬಾಯಲ್ಲಿ ಏನೂ ಬರಲಿಲ್ಲ.

ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಈ ಆಪರೇಷನ್ ಮಾಡುವವರಿದ್ದಾರೆ ಎಂದು ಅಷ್ಟರಲ್ಲಿ ಅವರು ಯಾರಿಂದಲೋ ತಿಳಿದುಕೊಂಡಿದ್ದರು. ಹೋಗುವಾಗ ನನ್ನನ್ನೂ ಕರೆದುಕೊಂಡರು, ಮಾತಾಡುವ ಕೆಲಸ ನನ್ನದು ಎಂದು ಅವರೇ ಹೇಳಿದರು. ಅಲ್ಲಿನ ಸರ್ಜನ್ ಮೆಲುದನಿಯ ಹೆಂಗಸು. ಫಿಲ್ಮ್ ನೋಡಿ, ಸ್ಕ್ಯಾನ್ ಮಾಡಿಸಿ, ಕಾಗದದ ಮೇಲೆ ಚಿತ್ರ ಬರೆದು ತಿಪ್ಪಕ್ಕನಿಗೆ ತೋರಿಸಿದರು. ಗ್ರಂಥಿಯೊಳಗಿನ ಕೊಳವೆಯನ್ನು ಉದ್ದಕ್ಕೆ ಸೀಳಿ, ಕಲ್ಲುಗಳನ್ನು ತೆಗೆದು, ಅದನ್ನು ಕರುಳಿಗೇ ಸೇರಿಸಿ ಹೊಲಿಯುವುದು. ರಸ ನೇರವಾಗಿ ಕರುಳಿಗೆ ಇಳಿಯುತ್ತದೆ. ನೋವು ಬಹುಪಾಲು ಹೋಗಬಹುದು. ಗ್ರಂಥಿ ಮೊದಲೇ ಹಾಳಾಗಿರುವುದು ಸರಿಹೋಗುವುದಿಲ್ಲ, ಮುಂದೆ ಸಕ್ಕರೆ ಕಾಯಿಲೆ ಬರಬಹುದು.

"ಒಂದು ವರ್ಷ ಮೊದಲೇ ಬಂದಿದ್ದರೆ?" ಎಂದು ಕೇಳಿದರು ಡಾಕ್ಟರು.

"ಬೇಗ ಬಂದಷ್ಟೂ ಒಳ್ಳೆಯದೇ," ಎಂದರು ಆಕೆ. ಆಮೇಲೆ ಊಟದ ವಿಷಯ ಬಂತು. ಜಿಡ್ಡು ಪೂರ್ತಿ ನಿಲ್ಲಿಸಿದ್ದೇನೆ ಎಂದರು ಡಾಕ್ಟರು. ಆಕೆ ಹುಡುಗಿಯ ತೋಳು ಹಿಡಿದು ನೋಡುತ್ತಾ, "ಪೂರ್ತಿ ಯಾಕೆ? ಕ್ಯಾಪ್ಸೂಲ್ ಜೊತೆಗೆ ಸ್ವಲ್ಪ ಸ್ವಲ್ಪ ಕೊಡಿ. ಮಗು ಬೆಳೀಬೇಡ್ವೇ?" ಎಂದರು.

ಪಾಲಯ್ಯನಿಗೆ ಅದು ಕೇಳಿಸಿತು. "ಅಂದ್ರೆ ತುಪ್ಪ ತಿನ್ನಬೌದಿತ್ತಾ ಅಮ್ಮಾ?" ಎಂದ. ಡಾಕ್ಟರು ಎದ್ದು ಕಾರಿಡಾರಿಗೆ ಹೋದರು. ನಾನು ಹಿಂದೆ ಹೋಗಿ ನೋಡಿದರೆ ಗೋಡೆಗೆ ಹಣೆ ಕೊಟ್ಟು ನಿಂತಿದ್ದರು. ಅಷ್ಟು ವರ್ಷದಲ್ಲಿ ನಾನು ಅವರನ್ನು ಹಾಗೆ ಕಂಡದ್ದು ಅದೊಂದೇ ಸಲ.

ಆಪರೇಷನ್ ದಿನ ಅವರು ಅಲ್ಲಿ ಡಾಕ್ಟರಲ್ಲ, ರೋಗಿಯ ಕಡೆಯವರು. ಬಾಗಿಲ ಹತ್ತಿರ ನಿಂತರೆ ಆಯಾ, "ಆ ಕಡೆ ನಿಂತ್ಕೊಳ್ರಿ ಯಜಮಾನ್ರೆ" ಎಂದು ಗದರಿದಳು. ಅವರು ಹೋಗಿ ಪಾಲಯ್ಯನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮಧ್ಯಾಹ್ನ ಪಾಲಯ್ಯ ತನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಅವರ ಕೈಗೆ ಕೊಟ್ಟ. ಅವರು ತಿಂದರು. ಸಂಜೆ ಹೊತ್ತಿಗೆ ಸರ್ಜನ್ ಬಂದು, ತೆಗೆದ ಕಲ್ಲುಗಳನ್ನು ಒಂದು ಸಣ್ಣ ಬಾಟಲಿಯಲ್ಲಿ ತೋರಿಸಿದರು.

ಗಾಯ ಮಾಗಿ, ಹೊಲಿಗೆ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಓಬಕ್ಕ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು. ಕೈಕಾಲು ಚೆಲ್ಲಿಕೊಂಡು, ಬಾಯಿ ತೆರೆದುಕೊಂಡು. ತಿಪ್ಪಕ್ಕ ಪಕ್ಕದಲ್ಲಿ ಕೂತು, ಎಬ್ಬಿಸಬೇಡ ಎಂದು ತುಟಿಯ ಮೇಲೆ ಬೆರಳಿಟ್ಟಳು.

ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಅವರ ಬಾಯಿ ಸುಮ್ಮನಿರಬೇಕಲ್ಲ. ಊರಿಗೆ ಬಂದವರೇ ಕಮಿಟಿಯ ಸಭೆಗೆ ಹೋಗಿ, ಎಕ್ಸ್‌ರೇ ಫಿಲ್ಮ್ ಇಡದ ಆಸ್ಪತ್ರೆಗಿಂತ ಎಣ್ಣೆ ಅಂಗಡಿ ಇಟ್ಟರೆ ಮೇಲು ಎಂದು ಹೇಳಿದರು. ಫಿಲ್ಮ್ ಬಂತು. ಜೊತೆಗೆ ಅವರನ್ನು ಮೊಳಕಾಲ್ಮೂರಿನ ಶಾಖೆಗೆ ಹಾಕಿದ ಆದೇಶವೂ ಬಂತು. ಆ ಶಾಖೆಯಲ್ಲಿ ಯಂತ್ರವೇ ಇರಲಿಲ್ಲ. ನನಗೆ ತವರಿನ ಊರು, ಹಾಗಾಗಿ ನಾನೂ ಕೇಳಿಕೊಂಡು ಕೆಲವು ವರ್ಷ ಅಲ್ಲಿಗೆ ಹೋದೆ.

"ಈ ಕಾಯಿಲೆಗೆ ಓಬಕ್ಕ ಒಬ್ಬಳೇ ಇರೋಕೆ ಸಾಧ್ಯವೇ ಇಲ್ಲ ಸಿಸ್ಟರ್. ನಾವು ಎಷ್ಟು ಮಕ್ಕಳಿಗೆ ಹುಳ ಅಂತ ಹೇಳಿ ಕಳಿಸಿದ್ದೀವೋ" ಎನ್ನುವುದೊಂದೇ ಆಗ ಅವರ ತಲೆಯಲ್ಲಿ. ಬೆನ್ನಿಗೆ ಚುಚ್ಚುವ ಹೊಟ್ಟೆನೋವು ಎಂದ ಮಕ್ಕಳನ್ನೆಲ್ಲ ಎಕ್ಸ್‌ರೇಗೆ ಚಳ್ಳಕೆರೆಗೆ ಅಟ್ಟುತ್ತಿದ್ದರು. ಸಿಕ್ಕಾಪಟ್ಟೆ ಮಕ್ಕಳಿಗೆ ಏನೂ ಇರುತ್ತಿರಲಿಲ್ಲ. ಸುಮ್ಮನೆ ಅಲೆಸುತ್ತಾರೆ ಎಂದು ಜನ ಗೊಣಗಿದರು, ಬೇರೆ ಡಾಕ್ಟರ ಹತ್ತಿರ ಹೋಗತೊಡಗಿದರು. ನನಗೂ ಬೇಸರವಾಗಿತ್ತು.

ಆಗ ಒಬ್ಬ ಹುಡುಗ ಸಿಕ್ಕಿದ. ರಾಯದುರ್ಗದ ಕಡೆಯವನು, ಅಜ್ಜಿಯ ಜೊತೆ ಬಂದಿದ್ದ. ಅದೇ ಕೂರುವ ರೀತಿ, ಅದೇ ಜಿಡ್ಡು ಮಲ. ಫಿಲ್ಮಿನಲ್ಲಿ ಅದೇ ಬಿಳಿ ಹರಳುಗಳು. ಡಾಕ್ಟರು ಆ ದಿನ ಯಾರನ್ನೂ ಬೈಯಲಿಲ್ಲ. ನನ್ನ ಬಾಯಿಂದಲೇ ಅಜ್ಜಿಗೆ ಎಲ್ಲ ಬಿಡಿಸಿ ಹೇಳಿಸಿದರು, ಬೆಂಗಳೂರಿನ ಸರ್ಜನ್‌ಗೆ ಫೋನ್ ಮಾಡಿ ದಿನ ಗೊತ್ತು ಮಾಡಿಸಿದರು. ಅಜ್ಜಿ ತಲೆಯಾಡಿಸಿದಳು, ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ ಎಂದಳು. ಆ ದಿನ ಬಂತು, ಹೋಯಿತು. ಅವರು ಬರಲಿಲ್ಲ. ಈ ಸಲ ಯಾರೂ ಯಾರನ್ನೂ ನೋಯಿಸಿರಲಿಲ್ಲ. ಸುಮ್ಮನೆ ಬರಲಿಲ್ಲ. ಡಾಕ್ಟರು ಅಜ್ಜಿ ಹೇಳಿದ್ದ ಊರಿಗೆ ಹೋದರು. ಆ ಹೆಸರಿನ ಊರು ಎರಡಿದ್ದವು, ಎರಡಕ್ಕೂ ಹೋದರು. ಒಂದರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಇನ್ನೊಂದರಲ್ಲಿ ಆ ಮನೆಯವರು ಕೆಲಸಕ್ಕೆ ಎತ್ತಲೋ ಗುಳೆ ಹೋದರು ಎಂದರಂತೆ. ಅವರದೇ ಮನೆಯೋ ಬೇರೆಯವರದೋ, ಅದೂ ಖಚಿತವಿಲ್ಲ.

ಓಬಕ್ಕನಿಗೆ, ಸರ್ಜನ್ ಹೇಳಿದ್ದ ಹಾಗೆ, ದೊಡ್ಡವಳಾಗುವ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಎರಡು ಸಾವಿರದ ಇಸವಿ ದಾಟಿತ್ತು ಆಗ. ಕರೆಂಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಹಟ್ಟಿಯಲ್ಲಿ ಇನ್ಸುಲಿನ್ ತಣ್ಣಗೆ ಇಡುವುದೆಲ್ಲಿ? ಡಾಕ್ಟರು ಒಂದು ಮಣ್ಣಿನ ಮಡಕೆ, ಅದರೊಳಗೆ ಇನ್ನೊಂದು ಸಣ್ಣದು, ನಡುವೆ ಒದ್ದೆ ಮರಳು, ಹೀಗೆ ಮಾಡಿ ತೋರಿಸಿದರು. ಸೂಜಿ ಚುಚ್ಚಿಕೊಳ್ಳುವುದನ್ನು ನಾನು ಕಲಿಸಿದೆ. ಕ್ಯಾಪ್ಸೂಲು ತಪ್ಪುತ್ತಿತ್ತು, ಇನ್ಸುಲಿನ್ ತಪ್ಪುತ್ತಿತ್ತು, ಒಂದೆರಡು ಸಲ ಪ್ರಜ್ಞೆ ತಪ್ಪಿ ಬಂದಳು. ನೋವೂ ಪೂರ್ತಿ ಹೋಗಿರಲಿಲ್ಲ, ಯಾವಾಗಲೋ ಒಮ್ಮೆ ಇಣುಕುತ್ತಿತ್ತು. ಆದರೂ ಬೆಳೆದಳು. ಮೊಳಕಾಲ್ಮೂರಿನಲ್ಲಿ ಒಂದು ಹೊಲಿಗೆ ಅಂಗಡಿ ಸೇರಿದಳು, ಆಮೇಲೆ ಚಳ್ಳಕೆರೆಯಲ್ಲಿ ತನ್ನದೇ ಮಿಷನ್ ಇಟ್ಟುಕೊಂಡಳು.

ಡಾಕ್ಟರು ನಿವೃತ್ತರಾಗಿ ಚಳ್ಳಕೆರೆಯಲ್ಲೇ ಮನೆ ಮಾಡಿದ್ದರು. ಕೊನೆಯ ವರ್ಷ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ನೋಡಲು ಹೋದೆ. ಕೂತ ತಕ್ಷಣ ಕೇಳಿದರು, "ರಾಯದುರ್ಗದ ಹುಡುಗ... ಏನಾದರೂ ಗೊತ್ತಾಯ್ತಾ?"

"ಇಲ್ಲ ಸಾರ್. ಅದನ್ನ ಬಿಡಿ ಈಗ. ಓಬಕ್ಕ ಚೆನ್ನಾಗಿದ್ದಾಳಲ್ಲ."

ಅವರ ಮುಖ ಹಳೆಯ ಹಾಗೆ ಕೆಂಪಾಯಿತು. "ಒಬ್ಬಳು. ಅಷ್ಟೂ ವರ್ಷಕ್ಕೆ ಒಬ್ಬಳು. ಸಮಾಧಾನ ಹೇಳೋಕೆ ಬಂದ್ರಾ? ಹಾಗಾದರೆ ಎದ್ದು ಹೋಗಿ."

"ಹೋಗಲ್ಲ" ಎಂದು ನಾನು ಕೂತೇ ಇದ್ದೆ. ಅವರ ಹೆಂಡತಿ ಕಾಫಿ ತಂದರು. ಕುಡಿದು ಮುಗಿಸುವವರೆಗೆ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ, "ಇನ್ಸುಲಿನ್ ಸರಿಯಾಗಿ ಹಾಕ್ಕೋತಾಳಾ ಅವಳು?" ಎಂದರು.

"ಹಾಕ್ಕೋತೀನಿ ಅಂತಾಳೆ."

"ಸುಳ್ಳು. ನಾಳೆ ಕರಕೊಂಡು ಬನ್ನಿ."

ಮರುದಿನ ಕರೆದುಕೊಂಡು ಹೋದೆ. ಓಬಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಶುರುವಾಯಿತು. ತೊದಲು ಮಾತಿನಲ್ಲಿ ಬೈಗುಳ ಅರ್ಧ ಅರ್ಥವಾಗುತ್ತಿರಲಿಲ್ಲ. ಅವಳು, "ಹೂನ್ರಿ ಸಾರ್, ಆಯ್ತ್ರಿ ಸಾರ್" ಎನ್ನುತ್ತಾ ಎದುರಿಗೆ ನೆಲದ ಮೇಲೆ ಕೂತಳು. ಮಧ್ಯಾಹ್ನದ ಹೊತ್ತು, ಅವರ ಹೆಂಡತಿ ತಟ್ಟೆ ಇಟ್ಟರು. ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ. ಓಬಕ್ಕ ಪರ್ಸಿನಿಂದ ಕ್ಯಾಪ್ಸೂಲು ತೆಗೆದು ಅವರಿಗೆ ಕಾಣುವ ಹಾಗೆ ಎತ್ತಿ ಹಿಡಿದು, ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಆಮೇಲೆ ಊಟ ಮಾಡಿದಳು. ಬೈಗುಳ ನಿಂತಿತು. ಅವರು ದಿಂಬಿಗೆ ಒರಗಿದ್ದವರು ಕತ್ತು ಮುಂದಕ್ಕೆ ಚಾಚಿ, ಅವಳ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನು, ಅವಳ ಮುಖವನ್ನು, ಒಂದೊಂದು ತುತ್ತಿಗೂ ನೋಡುತ್ತಿದ್ದರು. ತಟ್ಟೆ ಬರಿದಾಗುತ್ತಾ ಬಂದಾಗ ಬಲಗೈ ಎತ್ತಿ ಹೆಂಡತಿಗೆ ಸನ್ನೆ ಮಾಡಿದರು.

"ಇನ್ನೊಂದು ಸ್ವಲ್ಪ ಹಾಕು ಅವಳಿಗೆ. ಸುಮ್ಮನೆ ನಿಂತು ನೋಡ್ತೀಯಲ್ಲ!"